ಇದು ಯಾವ ಥರದ ಆಟ?

ಸಿನಿಮಾ ಯಾವ ಥರದ್ದು ಅಂದ್ರೆ ಹಾರರ್, ಕಾಮಿಡಿ ಅಂತೀವಿ. ನೋಡೋರಿಗೆ ಏನನ್ನಿಸುತ್ತೋ ಅದೇ ಹೆಸರು. ವಿಡಿಯೋ ಗೇಮ್‌ಗಳಿಗೆ ಹೆಸರಿಡುವ ಕ್ರಮ ಬೇರೆ. ಅಲ್ಲಿ ಆಡೋರ ಕೈ ಏನು ಮಾಡುತ್ತೆ ಅನ್ನೋದು ಮುಖ್ಯ. ಗುಂಡು ಹಾರಿಸಿದ್ರೆ ಶೂಟರ್, ಗಾಡಿ ಓಡಿಸಿದ್ರೆ ರೇಸಿಂಗ್, ತಲೆ ಕೆರ್ಕೊಂಡ್ರೆ ಪಜಲ್. ಹೆಸರು ಸಿಗದಿದ್ರೆ ಹಳೇ ಆಟದ್ದನ್ನೇ ಅಂಟಿಸ್ತಾರೆ: 1980ರ 'ರೋಗ್' ಥರ ಇರೋದೆಲ್ಲ 'ರೋಗ್‌ಲೈಕ್'.

ತಲಘಟ್ಟಪುರದಲ್ಲಿ ಬೆಳಗ್ಗೆ ಮೆಟ್ರೊ ಹತ್ತಿ, ಈ ಪಟ್ಟಿಯ ಮುಕ್ಕಾಲು ಭಾಗ ಒಂದೇ ಬೋಗಿಯಲ್ಲಿ ಸಿಗುತ್ತೆ. ಕಾಲೇಜ್ ಹುಡುಗನ ಕೈಲಿ ಬಿಜಿಎಂಐ, ಆಂಟಿ ಕೈಲಿ ಕ್ಯಾಂಡಿ ಕ್ರಷ್, ಅಂಕಲ್ ಕೈಲಿ ಲೂಡೊ. ಲೂಡೊ ಅಂದ್ರೆ ಪಚೀಸಿಯ ಇಂಗ್ಲಿಷ್ ಅವತಾರ, ನಮ್ಮಜ್ಜಿಯ ಚೌಕಾಬಾರಕ್ಕೆ ಹತ್ತಿರದ ನೆಂಟ.

ಆದ್ರೆ ಈ ಪಟ್ಟಿಯಲ್ಲಿ ಕಾಣದ್ದೊಂದಿದೆ: ದುಡ್ಡು. ನನ್ನ ಹಳೇ ರೂಮ್‌ಮೇಟ್ ಒಂದು ಆ್ಯಪ್‌ನಲ್ಲಿ ರಮ್ಮಿ ಆಡ್ತಿದ್ದ. ಬೇಡ ಕಣೋ ಅಂದ್ರೆ, "ಇದು ಸ್ಕಿಲ್ ಗೇಮ್ ಮಗಾ, ಕೋರ್ಟೇ ಹೇಳಿದೆ" ಅಂತಿದ್ದ. ಅವನು ಹೇಳಿದ್ದು ಸರಿಯೇ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. 2021ರಲ್ಲಿ ಕರ್ನಾಟಕ ಸರ್ಕಾರ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, ಹೈಕೋರ್ಟ್ ಫೆಬ್ರವರಿ 2022ರಲ್ಲಿ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟ ಬೇರೆ, ಜೂಜು ಬೇರೆ ಅನ್ನೋದೇ ಅದರ ಆಧಾರ. ವಿಂಗಡಣೆಯಲ್ಲಿ ರೂಮ್‌ಮೇಟ್ ಗೆದ್ದ. ಎರಡು ತಿಂಗಳ ಸಂಬಳ ಮಾತ್ರ ಹೋಯ್ತು.

ಆಗಸ್ಟ್ 2025ರಲ್ಲಿ ಸಂಸತ್ತು ಡಬ್ಬಗಳನ್ನೇ ಬದಲಾಯಿಸಿತು. ಹೊಸ ಕಾಯ್ದೆಯಲ್ಲಿ ಮೂರು ವರ್ಗ: ಇ-ಸ್ಪೋರ್ಟ್ಸ್, ಸೋಷಿಯಲ್ ಗೇಮ್, ಮನಿ ಗೇಮ್. ದುಡ್ಡು ಹಾಕಿ ದುಡ್ಡು ಗೆಲ್ಲುವ ಆಸೆಯಲ್ಲಿ ಆಡಿದರೆ ಅದು ಮನಿ ಗೇಮ್. ಕೌಶಲವೋ ಅದೃಷ್ಟವೋ, ಆ ಪ್ರಶ್ನೆಯೇ ಇಲ್ಲ. ಒಂದೇ ಲೂಡೊ, ಒಂದೇ ದಾಳ. ಪಂದ್ಯ ಕಟ್ಟಿದರೆ ಒಂದು ಡಬ್ಬ, ಕಟ್ಟದಿದ್ದರೆ ಇನ್ನೊಂದು.

ಹಾಗಂತ ಈ ಹೊಸ ಡಬ್ಬಗಳೂ ಭದ್ರ ಅಂತಲ್ಲ. ಶೂಟರ್ ಆಟದಲ್ಲಿ ದುಡ್ಡು ಕೊಟ್ಟು ಪೆಟ್ಟಿಗೆ ತೆರೆದು, ಒಳ್ಳೇ ಬಟ್ಟೆ ಬರಲಿ ಅಂತ ಅದೃಷ್ಟ ನೋಡೋದಿದೆಯಲ್ಲ? ವಾಪಸ್ ದುಡ್ಡು ಬರೋದಿಲ್ಲ, ಹಾಗಾಗಿ ಆ ಆಟವನ್ನು ಎಷ್ಟೋ ಜನ ಜೂಜು ಅನ್ನಲ್ಲ.

ಅದಕ್ಕೇ ತಮ್ಮ ಹೊಸ ಗೇಮ್ ಇಳಿಸಿಕೊಂಡು ತೋರಿಸಿದಾಗ ಅದು ಯಾವ ಜಾನರ್ ಅಂತ ಆಮೇಲೆ ಕೇಳ್ತೀನಿ. ಮೊದಲು ಕೇಳೋದು ಇಷ್ಟೇ: "ಸೋತರೆ ಏನು ಹೋಗುತ್ತೋ?"