125 ಗ್ರಾಂ ಬ್ರೆಡ್ಡು

ಭಾನುವಾರ ಬೆಳಿಗ್ಗೆ. ಅಡುಗೆಮನೆಯ ತಕ್ಕಡಿಯ ಮೇಲೆ ಬ್ರೆಡ್ಡಿನ ಹೋಳುಗಳನ್ನು ಒಂದೊಂದಾಗಿ ಇಟ್ಟು ನೋಡಿದೆ. ಐದನೆಯ ಹೋಳಿಗೆ ಮುಳ್ಳು 125 ಗ್ರಾಂ ಮುಟ್ಟಿತು. ನಮ್ಮ ಬೇಕರಿಯ ಬ್ರೆಡ್ಡು ಹತ್ತಿಯಷ್ಟು ಹಗುರ. 1941ರ ಚಳಿಗಾಲದಲ್ಲಿ ಶತ್ರುಸೇನೆಯ ಮುತ್ತಿಗೆಗೆ ಸಿಕ್ಕಿದ್ದ ಲೆನಿನ್‌ಗ್ರಾಡಿನ ಬ್ರೆಡ್ಡಿಗೆ ಹಿಂಡಿ, ಮರದ ಸೆಲ್ಯುಲೋಸು ಬೆರೆಸುತ್ತಿದ್ದರು, ಒದ್ದೆ, ಭಾರ. ಅದೇ ತೂಕಕ್ಕೆ ಅಂಗೈಯಗಲದ ಒಂದು ತುಂಡು, ಅಷ್ಟೇ. ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ ಕಾರ್ಖಾನೆ ಕೆಲಸಗಾರರಿಗೆ ದಿನಕ್ಕೆ 250 ಗ್ರಾಂ, ಕಚೇರಿ ನೌಕರರಿಗೆ 125. ಆ ಊರಿನ ದೊಡ್ಡ ಸಾರ್ವಜನಿಕ ಗ್ರಂಥಾಲಯದ ಗ್ರಂಥಪಾಲಕಿಯರು ಕಚೇರಿ ನೌಕರರ ಲೆಕ್ಕಕ್ಕೆ ಬಂದರು.

ಅಷ್ಟು ತಿಂದು ಅವರು ಕೆಲಸಕ್ಕೆ ಹೋದರು. ಇದೇ ನನಗೆ ಬಗೆಹರಿಯದಿರುವುದು.

*

ನೆವ್‌ಸ್ಕಿ ರಸ್ತೆಯೂ ಸದೋವಯಾ ರಸ್ತೆಯೂ ಕೂಡುವ ಮೂಲೆಯಲ್ಲಿ ಆ ಗ್ರಂಥಾಲಯ. 1814ರಲ್ಲಿ ಓದುಗರಿಗೆ ತೆರೆದದ್ದು. ಯುದ್ಧ ಬಂದಾಗ ಅತ್ಯಮೂಲ್ಯವಾದ ಸುಮಾರು 3,60,000 ಪುಸ್ತಕ, ಹಸ್ತಪ್ರತಿಗಳನ್ನು ವೋಲ್ಗಾ ಕಡೆಯ ಮೆಲೆಕೆಸ್ ಎಂಬ ಊರಿಗೆ ಸಾಗಿಸಿದರು. ಉಳಿದ ಲಕ್ಷಾಂತರ ಪುಸ್ತಕಗಳೊಂದಿಗೆ ಸಿಬ್ಬಂದಿಯಲ್ಲಿ ಅನೇಕರು ಅಲ್ಲೇ ಉಳಿದರು. ಗಂಡಸರು ಯುದ್ಧಭೂಮಿಗೆ ಹೋಗಿದ್ದರಿಂದ ಉಳಿದವರಲ್ಲಿ ಹೆಚ್ಚಿನವರು ಹೆಂಗಸರೇ. ವಿದ್ಯುತ್ತು ಹೋಯಿತು, ನೀರು ಹೋಯಿತು, ದೊಡ್ಡ ಸಭಾಂಗಣಗಳನ್ನು ಬೆಚ್ಚಗಿಡುವುದು ಆಗದ ಮಾತಾಯಿತು. ಓದುಗರೂ ಸಿಬ್ಬಂದಿಯೂ ಸಣ್ಣ ಕೋಣೆಗೆ ಸರಿದು, ತಗಡಿನ ಒಲೆಯ ಸುತ್ತ ಕೂತರು.

*

ಜನ ಏನು ಕೇಳಿಕೊಂಡು ಬರುತ್ತಿದ್ದರು ನೋಡಿ: ಬೆಂಕಿಕಡ್ಡಿ ಮಾಡುವುದು ಹೇಗೆ? ಮೇಣದಬತ್ತಿ? ಯೀಸ್ಟು? ತಿನ್ನಬಹುದಾದ ಕಾಡುಸೊಪ್ಪು ಯಾವುದು? ಕಾರ್ಖಾನೆಗಳು ನಿಂತ ಊರಿಗೆ ಅಜ್ಜಂದಿರ ಕಾಲದ ಕೈಕಸುಬಿನ ಪುಸ್ತಕಗಳು ಮತ್ತೆ ಬೇಕಾದವು. ಕತ್ತಲೆಯ ಕಪಾಟುಗಳ ನಡುವೆ ಬುಡ್ಡಿದೀಪ ಹಿಡಿದು, ಊದಿಕೊಂಡ ಕಾಲಲ್ಲಿ ಮೆಟ್ಟಿಲು ಹತ್ತಿ, ಯಾರೋ ಗೊತ್ತಿಲ್ಲದವರಿಗಾಗಿ ಆ ಪುಸ್ತಕ ಹುಡುಕಿ ತಂದ ಹೆಂಗಸನ್ನು ನೆನೆದರೆ ನನ್ನ ಗಂಟಲು ಕಟ್ಟುತ್ತದೆ.

*

ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರ. ವೇರಾ ಕರತೀಗಿನಾ ಮತ್ತು ಅವರ ಜೊತೆಗಾತಿಯರು ಮುತ್ತಿಗೆಯ ಕಾಗದಪತ್ರಗಳನ್ನು ಆಗಲೇ ಕೂಡಿಡತೊಡಗಿದರು: ಗೋಡೆಗೆ ಹಚ್ಚಿದ ಪೋಸ್ಟರು, ಕರಪತ್ರ, ನಾಟಕದ ಟಿಕೆಟ್ಟು, ರೇಷನ್ ಕಾರ್ಡು. ಆ ಊರಿನಲ್ಲಿ ರೇಷನ್ ಕಾರ್ಡು ಕಳೆದುಹೋದರೆ ಸಾವೇ ಗತಿ. ಅಂಥ ಚೀಟಿಯನ್ನು ನಾಳಿನವರು ನೋಡಲೆಂದು ತೆಗೆದಿಡಬೇಕಾದರೆ, ನಾಳೆ ಎಂಬುದೊಂದಿದೆ ಎಂದು ನಂಬಬೇಕಲ್ಲ? ಒಬ್ಬರೇ ಕೂತು ಅಷ್ಟು ನಂಬಲು ಯಾರಿಂದ ಸಾಧ್ಯ? ಪಕ್ಕದ ಮೇಜಿನವಳು ನಂಬಿದ್ದಾಳೆಂದು ಇವಳು ನಂಬಿರಬೇಕು.

ಸತ್ತವರ ಮನೆಗಳಿಂದ ವಾರಸುದಾರರಿಲ್ಲದ ಪುಸ್ತಕಗಳನ್ನು ಜಾರುಬಂಡಿಯ ಮೇಲೆ ಎಳೆದು ತಂದವರೂ ಇವರೇ. ಅದೇ ಬೀದಿಗಳಲ್ಲಿ ಜನ ಹೆಣಗಳನ್ನೂ ಜಾರುಬಂಡಿಯಲ್ಲೇ ಎಳೆಯುತ್ತಿದ್ದರು.

*

ಮರಿಯಾ ಮಾಷ್ಕೋವಾ ಇಲ್ಲಿನ ಗ್ರಂಥಸೂಚಿಕಾರ್ತಿ. ಮಕ್ಕಳ ತಾಯಿ. ಮುತ್ತಿಗೆಯ ಕಾಲದ ದಿನಚರಿ ಬರೆದಿಟ್ಟಿದ್ದಾರೆ. ರೇಡಿಯೋದಲ್ಲಿ ಊರಿಗೆಲ್ಲ ಧೈರ್ಯ ತುಂಬುತ್ತಿದ್ದ ಕವಯಿತ್ರಿ ಓಲ್ಗಾ ಬೆರ್ಗೋಲ್ಟ್ಸ್ ಅವರ ಗೆಳತಿ. ಊರಿಗೆ ಧೈರ್ಯ ಹೇಳುವವಳಿಗೂ ತನ್ನ ಎದೆಯ ಭಾರ ಇಳಿಸಲು ಒಬ್ಬ ಗೆಳತಿ ಬೇಕು ಎಂದು ಗುರುತು ಹಾಕಿಕೊಂಡೆ.

ಇವರನ್ನೆಲ್ಲ ದೇವತೆಗಳನ್ನಾಗಿ ಮಾಡಲಾರೆ. ಹಸಿವು ನಂಟನ್ನೂ ತಿನ್ನುತ್ತದೆ; ಒಂದು ತುಂಡು ಬ್ರೆಡ್ಡಿಗೆ ಒಂದೇ ಮನೆಯವರು ಒಬ್ಬರನ್ನೊಬ್ಬರು ಅನುಮಾನಿಸಿದ ಊರು ಅದು. ಆದರೂ ಒಂದು ಮಾತು ಹೊಳೆಯುತ್ತಿದೆ. ಮನೆಯಲ್ಲಿ ಒಬ್ಬಳೇ ಮಲಗಿದವಳು ಸತ್ತರೆ ಯಾರಿಗೂ ಗೊತ್ತಾಗದು. ಕೆಲಸಕ್ಕೆ ಬಂದರೆ ನಾಲ್ಕು ಜನರ ಕಣ್ಣಿಗೆ ಬೀಳುತ್ತಾಳೆ, ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವವರಿರುತ್ತಾರೆ. ಅವರ ಗೆಳೆತನ ಈ ಹಾಜರಿಯಲ್ಲಿತ್ತು ಎಂದೇ ನನಗನ್ನಿಸುತ್ತದೆ.

*

ಮುತ್ತಿಗೆ ಪೂರ್ತಿ ಮುರಿದದ್ದು 1944ರ ಜನವರಿ 27ರಂದು. 872 ದಿನಗಳ ಉದ್ದಕ್ಕೂ ಗ್ರಂಥಾಲಯ ಓದುಗರ ಸೇವೆ ನಿಲ್ಲಿಸಲಿಲ್ಲ. ಅಲ್ಲಿನ ಸಿಬ್ಬಂದಿಯಲ್ಲಿ 138 ಮಂದಿ ಸತ್ತರು. ಮೆಲೆಕೆಸ್‌ಗೆ ಹೋಗಿದ್ದ ಪುಸ್ತಕಗಳು ಯುದ್ಧ ಮುಗಿದ ಮೇಲೆ ತಮ್ಮ ಕಪಾಟುಗಳಿಗೆ ಹಿಂತಿರುಗಿದವು.