ಒಂದಾದ ಮೇಲೆ ಹತ್ತು

ನಮ್ಮನೆ ಜಗಲೀಲಿ ಅಪ್ಪಯ್ಯ ರೆಕಾರ್ಡ್ ಮಾಡಿದ್ದ ತಾಳಮದ್ದಲೆ, ‘ಕೃಷ್ಣ ಸಂಧಾನ’. ಆರು ಕ್ಯಾಸೆಟ್, ಹನ್ನೆರಡು ಬದಿ. ಎಲ್ಲಾ ಎಂಪಿ3 ಮಾಡಿದ್ದೆ. ಬೆಂಗಳೂರಿಂದ ವರದಹಳ್ಳಿ ಶ್ರೀಧರಾಶ್ರಮಕ್ಕೆ ಹೊರಟಾಗ ಪೆನ್‌ಡ್ರೈವ್ ಚುಚ್ಚಿದರೆ, ಕಾರಿನ ಸ್ಟೀರಿಯೋ ಮಾತೇ ಆಡಲಿಲ್ಲ. 64 ಜಿಬಿಯ ಹೊಸ ಡ್ರೈವ್ ಎಕ್ಸ್‌ಫ್ಯಾಟ್. ಹಳೇ ಸ್ಟೀರಿಯೋಗೆ ಫ್ಯಾಟ್32 ಮಾತ್ರ ಗೊತ್ತು. ತುಮಕೂರಲ್ಲಿ ಕಾಫಿಗೆ ನಿಂತಾಗ ಲ್ಯಾಪ್‌ಟಾಪ್ ತೆಗೆದು, ಹಳೇ 8 ಜಿಬಿ ಡ್ರೈವ್‌ಗೆ ಹಾಕಿಕೊಂಡೆ.

ಭಾಗ 1 ಮುಗೀತು. ಆಮೇಲೆ ಬಂದಿದ್ದು ಭಾಗ 10! ಹೆಸರನ್ನು ಅಕ್ಷರ ಅಕ್ಷರವಾಗಿ ಓದೋ ಯಂತ್ರಕ್ಕೆ 2ಕ್ಕಿಂತ 10 ಮೊದಲು. 01, 02 ಅಂತ ಬರೀಬೇಕಿತ್ತು.

“ಸಂಧಾನ ಮುರದೇ ಹೋತಲಾ ತಮಾ, ಇನ್ನು ಕೃಷ್ಣ ಹೋಗಿ ಎಂತ ಮಾಡ್ತಾ?” ಅಪ್ಪಯ್ಯ ನಕ್ಕ.

ಭಾಗ 12ರ ಕೊನೆಗೆ ಮಾತ್ರ ನಗು ನಿಲ್ಲಿಸಿ ಕಿವಿಗೊಟ್ಟ.

“ಇಲ್ಲಿ ನಿನ್ನಮ್ಮ ಎಲ್ಲರನ್ನೂ ಆಸರಿಗೆ ಕುಡಿಯಲೆ ಕರೀತಿತ್ತಲಾ?”

ಆ ಎಂಟು ಸೆಕೆಂಡನ್ನು ಗಲಾಟೆ ಅಂತ ಕತ್ತರಿಸಿದ್ದು ನಾನೇ. ಅಮ್ಮ ಹೋಗಿ ಆರು ವರ್ಷ. ಆಗುಂಬೆ ಮಳೆಯಷ್ಟು ಮೌನ ಕಾರೊಳಗೆ.

ಪುಣ್ಯ, ಕ್ಯಾಸೆಟ್ ಎಸೆದಿರಲಿಲ್ಲ. ಈಗ ‘ಭಾಗ 12’ ಎಂಟು ಸೆಕೆಂಡ್ ಉದ್ದವಾಗಿದೆ. ನೀವೂ ಹಳೇ ಕ್ಯಾಸೆಟ್ ಎಂಪಿ3 ಮಾಡ್ತಿದ್ದರೆ, ಗಲಾಟೆ ಕತ್ತರಿಸೋ ಮುಂಚೆ ಮನೆಯವರಿಗೆ ಒಮ್ಮೆ ಕೇಳಿಸಿ.