ಎಂಟು ಚಕ್ರದ ಲೆಕ್ಕ

ಉಗಿಬಂಡಿಯ ಕುಲ ತಿಳಿಯಬೇಕಾದರೆ ಅದರ ಚಕ್ರ ಎಣಿಸಬೇಕು. 2-8-2 ಎಂದರೆ ಮುಂದೆ ಎರಡು ಪುಟ್ಟ ಚಕ್ರ, ನಡುವೆ ಗಾಡಿಯನ್ನು ಎಳೆಯುವ ಎಂಟು, ಹಿಂದೆ ಮತ್ತೆರಡು. ಎಂಟು ಚಕ್ರಗಳ ಮೇಲೆ ಭಾರ ಕೂತಾಗ ಹಳಿಯ ಮೇಲೆ ಹಿಡಿತ ಬಿಗಿಯಾಗುತ್ತದೆ. ಹಿಂದಿನ ಎರಡು ಇರುವುದರಿಂದ ಅಗಲವಾದ ಒಲೆ ಕೂರಿಸಬಹುದು. ಒಲೆ ದೊಡ್ಡದಾದರೆ ಉಗಿಯೂ ಹೆಚ್ಚು. ಇದು ಓಡುವ ಕುದುರೆಯಲ್ಲ, ಹೇರು ಎಳೆಯುವ ಎತ್ತು.

1897ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಬಾಲ್ಡ್‌ವಿನ್ ಕಾರ್ಖಾನೆ ಇಂಥ ಎಂಜಿನ್ನುಗಳನ್ನು ಜಪಾನಿಗೆ ಕಟ್ಟಿಕೊಟ್ಟಿತು. ಅಲ್ಲಿನ ಚಕ್ರವರ್ತಿಯ ಬಿರುದು ‘ಮಿಕಾಡೊ’ ಎಂಜಿನ್ನಿಗೂ ಅಂಟಿತು. ಮುಂದೆ ಅಮೆರಿಕದ ಸರಕನ್ನು ಇದು ಬಹಳಷ್ಟು ಎಳೆಯಿತು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಶತ್ರುವಾದಾಗ ಹೆಸರೂ ಬದಲಾಗಿ ಜನರಲ್ ಮ್ಯಾಕಾರ್ಥರ್ ಬಂದ. ಆ ಹೆಸರಿನ ಮೀಟರ್ ಗೇಜ್ ಎಂಜಿನ್ನುಗಳು ಯುದ್ಧಕಾಲದಲ್ಲಿ ಭಾರತಕ್ಕೂ ಬಂದವು. ಸ್ವಾತಂತ್ರ್ಯದ ನಂತರ ಇದೇ ಚಕ್ರಲೆಕ್ಕದಲ್ಲಿ ನಮ್ಮದೇ ವೈಜಿ ಬಂತು. 1949ರಿಂದ 1972ರವರೆಗೆ ಸಾವಿರಕ್ಕೂ ಹೆಚ್ಚು ವೈಜಿಗಳು ತಯಾರಾದವು. ಬಹಳಷ್ಟು ಹುಟ್ಟಿದ್ದು ಜಮ್ಶೆಡ್‌ಪುರದಲ್ಲಿ. ಹುಬ್ಬಳ್ಳಿ ಸೀಮೆಯ ಮೀಟರ್ ಗೇಜ್ ಹಳಿಗಳ ಮೇಲೂ ಅವು ಹೊಗೆ ಬಿಟ್ಟುಕೊಂಡು ತಿರುಗಿದವು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳ ಬಾಯಿಮಾತಿನ ನೆನಪುಗಳೇ ನನ್ನ ಸಂಶೋಧನೆಯ ವಿಷಯ. ಉಗಿಬಂಡಿಯ ಮಾತು ತೆಗೆದರೆ ಮುದುಕರ ಮುಖ ಅರಳುತ್ತದೆ. ನಮ್ಮಜ್ಜಿಯದೂ ಅಷ್ಟೇ: “ಕೊಟ್ರಯ್ಯನ ತೇರಿಗೆ ಹೋಗಾಕ ಗಾಡಿ ಹತ್ತಿದ್ವಿ ಅಂದ್ರ ಸೀರಿ ತುಂಬ ಮಸಿ ಆಕ್ಕಿತ್ತು ನೋಡು. ಆದ್ರೂ ಅದರ ಕೂಗು ಕೇಳಿದ್ರ ಜೀವಕ್ಕ ಹಿತ.” ಅಜ್ಜ ಹಗರಿಬೊಮ್ಮನಹಳ್ಳಿಯಲ್ಲಿ ಶೇಂಗಾ ಚೀಲ ಹೊರುತ್ತಿದ್ದ. ಅಜ್ಜಿಗೆ ರೈಲೆಂದರೆ ತೇರು, ಅಜ್ಜನಿಗೆ ಚೀಲ.

“ಯಾವ ಎಂಜಿನ್ ಓಡಿತು ಅಂತ ಗೊತ್ತಾದ್ರೆ, ಯಾರಿಗಾಗಿ ಹಳಿ ಹಾಕಿದ್ರು ಅಂತ ಗೊತ್ತಾಗುತ್ತೇನಮ್ಮಾ?” ಎಂದು ನನ್ನ ಮಾರ್ಗದರ್ಶಕರು ಒಮ್ಮೆ ಕೇಳಿದರು. ಚಕ್ರದ ಲೆಕ್ಕವೊಂದರಿಂದಲೇ ಅದು ತಿಳಿಯುವುದಿಲ್ಲ. 1876–78ರ ಬರ ಬಳ್ಳಾರಿ ಜಿಲ್ಲೆಯನ್ನು ಹಿಂಡಿಹಾಕಿದ ಮೇಲೆ, ಬರದ ಸೀಮೆಗೆ ಕಾಳು ಮುಟ್ಟಿಸಬೇಕೆಂಬ ಮಾತಿನೊಂದಿಗೇ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಹಳಿ ಬಂತು. ಕಾಳು ತರುವ ಹಳಿಯೇ ಹತ್ತಿ, ಶೇಂಗಾಗಳನ್ನು ಹೊರಗೂ ಒಯ್ಯುತ್ತದೆ. ಜನ ಅದರ ನಡುವೆಯೇ ತಮ್ಮ ಜಾಗ ಮಾಡಿಕೊಂಡರು.

ಆದರೆ ಹಳಿ ಯಾರದು ಎಂಬುದು ಗಾಡಿ ಓಡುವಾಗ ಗೊತ್ತಾಗುವುದಿಲ್ಲ, ನಿಂತಾಗ ಗೊತ್ತಾಗುತ್ತದೆ. 1990ರ ದಶಕದಲ್ಲಿ ಬ್ರಾಡ್ ಗೇಜ್ ಕೆಲಸಕ್ಕೆಂದು ಕೊಟ್ಟೂರಿನ ಪ್ರಯಾಣಿಕರ ಗಾಡಿ ನಿಂತಿತು. ಮುಂದೆ ಅದಿರಿನ ಕಾಲ ಬಂತು. ಹೊಸಪೇಟೆ ಸುತ್ತ ಕೆಂಪು ಧೂಳೆಬ್ಬಿಸುತ್ತ ಗೂಡ್ಸ್ ಗಾಡಿಗಳು ಓಡಿದವು. ಕೊಟ್ಟೂರಿನವರು ಮನವಿ ಕೊಟ್ಟರು, ಧರಣಿ ಕೂತರು. ಹರಪನಹಳ್ಳಿಯ ಮೇಲೆ ಹರಿಹರಕ್ಕೆ ಹೊಸ ಹಳಿಯೂ ಬಂತು. ಹೊಸಪೇಟೆಯಿಂದ ಕೊಟ್ಟೂರಿಗೆ ಜನರ ರೈಲು ಮತ್ತೆ ಹೊರಟದ್ದು 2019ರ ಅಕ್ಟೋಬರಿನಲ್ಲಿ. ಆ ನಡುವೆ ಹುಟ್ಟಿದ ಮಕ್ಕಳು ಊರಿನ ಸ್ಟೇಷನ್ನಿನಲ್ಲಿ ಟಿಕೆಟ್ ತೆಗೆಯದೆಯೇ ಡಿಗ್ರಿ ಮುಗಿಸಿದರು.

ಆ ಪೀಳಿಗೆಯವಳೇ ನಾನು, ಅದರಲ್ಲೂ ಕೂಡ್ಲಿಗಿ ಕಡೆಯವಳು. ಕೂಡ್ಲಿಗಿ ಊರಿಗಾಗಲಿ ಹಡಗಲಿ ಊರಿಗಾಗಲಿ ಇಂದಿಗೂ ರೈಲಿಲ್ಲ. ಬೆಳಗಿನ ಬಸ್ ತಪ್ಪಿದರೆ ಮೊದಲ ಕ್ಲಾಸೂ ತಪ್ಪುತ್ತಿತ್ತು. ಊರಿನ ಎಷ್ಟೋ ಹುಡುಗಿಯರ ಓದು ಪಿಯುಸಿಗೆ ನಿಂತದ್ದಕ್ಕೆ ಮನೆಯವರು ಕೊಡುತ್ತಿದ್ದ ಕಾರಣ ಒಂದೇ: “ದಿನಾ ಹೋಗಿ ಬರಾದು ಹೆಂಗ?”

ಮಿಕಾಡೊದ ಎಳೆಯುವ ಶಕ್ತಿ, ಒಲೆಯ ಅಳತೆ, ಭಾರದ ಲೆಕ್ಕ ಎಲ್ಲವೂ ದಾಖಲೆಯಲ್ಲಿ ಸಿಗುತ್ತದೆ. ಅಜ್ಜ ಹೊತ್ತ ಚೀಲಗಳಿಗೂ ಎಲ್ಲೋ ಒಂದು ರಸೀದಿ ಇದ್ದಿರಬಹುದು. ಗಾಡಿಯಿಲ್ಲದೆ ಮನೆಯಲ್ಲೇ ಉಳಿದವರ ಲೆಕ್ಕವನ್ನು ಯಾವ ಗಾರ್ಡೂ ಬರೆದಿಡಲಿಲ್ಲ. ನನ್ನ ಪ್ರಬಂಧದ ಮೂರನೆಯ ಅಧ್ಯಾಯಕ್ಕೆ ಈಗ ಅವರ ಮನೆಗಳಿಗೇ ಹೋಗುತ್ತಿದ್ದೇನೆ, ಬಸ್ಸಿನಲ್ಲಿ.